ತಾರಸಿಯ ಮೇಲಿನ ದುಕೇಸಾ

ಒಬ್ದುಲಿಯಾಗೆ ಇದ್ದ ಭಯ ಎರಡೇ. ಒಂದು ಭೂಕಂಪ, ಇನ್ನೊಂದು ತಾರಸಿಯ ಮೇಲಿನ ಹೆಣ್ಣುಸಿಂಹ. ಮೊದಲನೆಯದನ್ನು ದೇವರು ಕೊಟ್ಟಿದ್ದ, ಎರಡನೆಯದನ್ನು ಮಗ ತಂದಿದ್ದ. ದೇವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ. ಮಗನ ಮೇಲೆ ಸಿಟ್ಟು ಮಾಡಿಕೊಂಡು ನಾಲ್ಕು ವರ್ಷವಾಗಿತ್ತು, ಮೂರು ಕಾಸಿನ ಪ್ರಯೋಜನವಾಗಿರಲಿಲ್ಲ.

ಮೆಕ್ಸಿಕೊ ನಗರದ ಪೂರ್ವಕ್ಕಿರುವ ಆ ಬಡಾವಣೆಯಲ್ಲಿ ತಾರಸಿ ಎಂದರೆ ನಾಯಿಯ ಜಾಗ. ನೀರಿನ ಟ್ಯಾಂಕು, ಗ್ಯಾಸ್ ಸಿಲಿಂಡರು, ಬಟ್ಟೆ ಒಣಹಾಕುವ ತಂತಿ, ಹೋಗುವವರ ಬರುವವರ ಮೇಲೆಲ್ಲ ಬೊಗಳುವ ಒಂದು ನಾಯಿ, ಇವಿಲ್ಲದ ಮನೆಯೇ ಇಲ್ಲ. ಆ ನಾಯಿಗೆ ಯಾರೂ ಹೆದರುವುದಿಲ್ಲ. ಅದು ಮೇಲಿದೆ, ನಾವು ಕೆಳಗಿದ್ದೇವೆ, ಮುಗಿಯಿತು. ಒಬ್ದುಲಿಯಾಳ ಮಗ ಎವರಿಸ್ತೊ ಕೂಡ ಇದೇ ತರ್ಕ ಹಿಡಿದ. ನಾಯಿ ಇರಬಹುದಾದ ಕಡೆ ಸಿಂಹ ಯಾಕಿರಬಾರದು? ಬೇರೆ ಊರಿನವನಾಗಿದ್ದರೆ ಅಂಗಳ ಇಲ್ಲ, ತೋಟ ಇಲ್ಲ ಎಂದು ಸುಮ್ಮನಾಗುತ್ತಿದ್ದನೋ ಏನೋ. ಇವನಿಗೆ ತಾರಸಿ ಇತ್ತು.

ಮನೆಯ ನೆಲಮಹಡಿಯಲ್ಲಿ ಅವನ ಕೋಳಿ ಅಂಗಡಿ. ಮೊದಲ ಮಹಡಿಯಲ್ಲಿ ಅಡುಗೆಮನೆ ಮತ್ತು ಒಬ್ದುಲಿಯಾಳ ಕೋಣೆ. ಎರಡನೆಯದರಲ್ಲಿ ಮಗ, ಸೊಸೆ ಮರಿಕ್ರೂಸ್, ಒಂಬತ್ತು ವರ್ಷದ ಮೊಮ್ಮಗಳು ಸಿತ್ಲಾಲಿ ಮಲಗುವ ಕೋಣೆಗಳು. ಅಲ್ಲಿಂದ ಹತ್ತು ಮೆಟ್ಟಿಲು ಹತ್ತಿದರೆ ಕಬ್ಬಿಣದ ಬಾಗಿಲು, ಬಾಗಿಲಾಚೆ ಪಂಜರದಲ್ಲಿ ಹೆಣ್ಣುಸಿಂಹ ದುಕೇಸಾ.

ತಂದಾಗ ರಟ್ಟಿನ ಪೆಟ್ಟಿಗೆಯಲ್ಲಿ ಹಿಡಿಸುವಷ್ಟು ಇದ್ದಳು. ಹೆದ್ದಾರಿಯ ಪಕ್ಕ ಪ್ರಾಣಿ ಸಾಕಿ ಮಾರುವವನೊಬ್ಬ ರಸೀದಿ ಕೊಟ್ಟು, ಪರವಾನಗಿ ಸಂಖ್ಯೆ ಬರೆದು, ಮೊಹರು ಒತ್ತಿ ಮಾರಿದ್ದ. ಎವರಿಸ್ತೊ ಆ ಕಾಗದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ಮಾತೆ ಮರಿಯಳ ಚಿತ್ರದ ಪಕ್ಕ ನೇತುಹಾಕಿದ.

"ಎಲ್ಲಾ ಕಾನೂನು ಪ್ರಕಾರಾನೇ ಐತಮ್ಮ. ಬೆಕ್ಕು ಸಾಕಿದ ಹಾಗೇನೇ," ಅಂದಿದ್ದ.

"ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಕಣೋ. ಈ ಮನೇಲಿ ಇಲಿಗಳು ಯಾರು ಅಂತ ಗೊತ್ತಾಯ್ತಾ?"

ವರ್ಷ ತುಂಬುವಷ್ಟರಲ್ಲಿ ಬೆಕ್ಕು ದಿನಕ್ಕೆ ಆರು ಕಿಲೋ ತಿನ್ನತೊಡಗಿತ್ತು. ಅಂಗಡಿಯಲ್ಲಿ ಉಳಿದ ಕೋಳಿತಲೆ, ಎಲುಬು, ಕರುಳು ಎಲ್ಲ ಮೇಲಕ್ಕೆ. ಗ್ಯಾಸಿನವನು ಮೇಲೆ ಹತ್ತುವುದನ್ನು ಬಿಟ್ಟ. ಬಟ್ಟೆ ಅಡುಗೆಮನೆಯಲ್ಲೇ ಒಣಗತೊಡಗಿದವು, ಆದರೂ ಮೂತ್ರದ ವಾಸನೆ ಹೋಗಲಿಲ್ಲ. ಸುತ್ತಲಿನ ತಾರಸಿಗಳ ನಾಯಿಗಳು ಬೊಗಳುವುದನ್ನೇ ಮರೆತವು. ಒಬ್ದುಲಿಯಾಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಆ ಮೌನವೇ. ಕದ್ದುಮುಚ್ಚಿ ಬರುತ್ತಿದ್ದ ಪ್ರಾಣಿವೈದ್ಯ ಒಂದೇ ಒಂದು ಬುದ್ಧಿಮಾತು ಹೇಳಿದ್ದ: "ಅಂಗಡಿ ಏಪ್ರನ್ ಹಾಕ್ಕೊಂಡು ಮಾತ್ರ ಮೇಲೆ ಹೋಗ್ಬೇಡಪ್ಪ. ಕೋಳಿ ರಕ್ತದ ವಾಸನೆ ಹೊತ್ಕೊಂಡು ಹೋದ್ರೆ ಅವಳ ಕಣ್ಣಿಗೆ ನೀನು ಎವರಿಸ್ತೊ ಅಲ್ಲ, ಊಟ." ಅಂದಿನಿಂದ ಎವರಿಸ್ತೊ ಸ್ನಾನ ಮಾಡಿ, ಅಂಗಿ ಬದಲಿಸಿ, ದೇವಸ್ಥಾನಕ್ಕೆ ಹೋಗುವವನ ಹಾಗೆ ಮೇಲೆ ಹೋಗುತ್ತಿದ್ದ. ಹೆಂಡತಿಯನ್ನು ನೋಡಲು ಅಷ್ಟು ಶುದ್ಧನಾಗಿ ಅವನು ಯಾವತ್ತೂ ಹೋದವನಲ್ಲ ಎಂದು ಮರಿಕ್ರೂಸ್ ಅಣಕಿಸುತ್ತಿದ್ದಳು.

ಆಗಸ್ಟಿನಲ್ಲಿ ಯಾರೋ ಪಕ್ಕದ ತಾರಸಿಯಿಂದ ವಿಡಿಯೊ ಮಾಡಿ ಹರಿಬಿಟ್ಟರು. ಮೂರನೇ ದಿನ ಕಾಡುಪ್ರಾಣಿಗಳ ಇಲಾಖೆಯವರು ಬಂದರು. ಅವರಲ್ಲಿ ಮುಖ್ಯಳಾದವಳು ಇನ್ನೂ ಚಿಕ್ಕ ಹುಡುಗಿ. ಕೈಯಲ್ಲಿದ್ದ ಯಂತ್ರವನ್ನು ಪಂಜರದ ಸರಳಿನ ಸಂದಿಯಿಂದ ಸಿಂಹದ ಬೆನ್ನ ಮೇಲೆ ಆಡಿಸಿ ನೋಡಿದಳು. ಯಂತ್ರ ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೆ ಕಟ್ಟು ಹಾಕಿಸಿದ ಕಾಗದವನ್ನು ಓದಿದಳು.

"ಮೈಯೊಳಗೆ ಇರಬೇಕಾದ ಗುರುತಿನ ಮೈಕ್ರೋಚಿಪ್ಪೇ ಇಲ್ಲ. ಈ ಕಾಗದದಲ್ಲಿರೋ ನಂಬರು ಒಂದು ಗಂಡು ಸಿಂಹದ್ದು. ಅದು ಸತ್ತು ಆರು ವರ್ಷ ಆಯ್ತು."

"ನಮ್ ದುಕೇಸಾ ಸತ್ತಿಲ್ವಲ್ಲ ಮೇಡಂ," ಅಂದ ಎವರಿಸ್ತೊ.

"ನಿಮ್ಮ ಕಾಗದ ಸತ್ತಿದೆ. ಅದು ಬದುಕಿದ್ರೂ ಅಷ್ಟೇ. ಜನ ವಾಸ ಮಾಡೋ ಮನೆ ತಾರಸಿ ಮೇಲೆ ಸಿಂಹ ಇಡೋಕೆ ಯಾವ ಕಾನೂನೂ ಬಿಡಲ್ಲ. ಒಪ್ಪಿಗೆ ಪಡೆದ ಜಾಗ ಬೇಕು, ಜವಾಬ್ದಾರಿ ಹೊತ್ತ ಡಾಕ್ಟ್ರು ಬೇಕು. ಇವತ್ತಿಂದ ಈ ಪ್ರಾಣಿ ಸರ್ಕಾರದ್ದು."

ಒಬ್ದುಲಿಯಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. "ನಿನ್ನ ಹೊಟ್ಟೆ ತಣ್ಣಗಿರ್ಲಿ ತಾಯಿ. ಕರ್ಕೊಂಡು ಹೋಗು."

"ಎಲ್ಲಿಗೆ ಅಜ್ಜಿ? ಎಲ್ಲಾ ಕಡೆ ಭರ್ತಿ. ಜಾಗ ಸಿಗೋವರೆಗೂ ನಿಮ್ಮ ಮಗನೇ ಕಾವಲುಗಾರ. ಇಲ್ಲೊಂದು ಸೈನ್ ಹಾಕ್ಲಿ."

"ಅಂದ್ರೆ ತಗೊಂಡ್ರೋ, ಬಿಟ್ರೋ?"

"ಕಾನೂನು ಪ್ರಕಾರ ತಗೊಂಡಿದೀವಿ."

ಆ ಹೊತ್ತಿಗೆ ಮೇಲಿನಿಂದ ಗರ್ಜನೆ ಕೇಳಿಸಿತು. ಅಡುಗೆಮನೆಯ ಲೋಟಗಳು ಸಣ್ಣಗೆ ನಡುಗಿದವು. "ನಿಮ್ ಕಾನೂನು ಕೂಗ್ತಾ ಐತೆ, ಹೋಗಿ ಮಾತಾಡ್ಸಿ," ಅಂದಳು ಒಬ್ದುಲಿಯಾ. ಇಲಾಖೆಯವರು ಪಂಜರದ ಬಾಗಿಲಿಗೆ ಮುದ್ರೆಯ ಪಟ್ಟಿ ಅಂಟಿಸಿ ಹೊರಟುಹೋದರು. ಒಳಗಿನ ಹೊಲಸನ್ನು ತೊಳೆಯಬೇಕಾದರೆ ಬಾಗಿಲು ತೆರೆಯದೆ ಹೇಗೆ ಎಂದು ಯಾರೂ ಹೇಳಲಿಲ್ಲ. ಎವರಿಸ್ತೊ ಮರುದಿನವೇ ಪಟ್ಟಿಯ ಒಂದು ತುದಿಯನ್ನು ಜೋಪಾನವಾಗಿ ಬಿಡಿಸಿದ.

ಸೆಪ್ಟೆಂಬರಿನಲ್ಲಿ ಕೊನೆಗೂ ಫೋನು ಬಂತು. ಗುರುವಾರ ಇಪ್ಪತ್ತೆರಡಕ್ಕೆ ಲಾರಿ ಬರುತ್ತದೆ ಎಂದರು. ಒಬ್ದುಲಿಯಾ ಕ್ಯಾಲೆಂಡರಿನಲ್ಲಿ ಅಂದಿನ ತಾರೀಖಿಗೆ ಕೆಂಪು ಗೀಟು ಎಳೆದಳು. ಆದರೆ ಗುರುವಾರಕ್ಕೂ ಮೊದಲು ಸೋಮವಾರವಿತ್ತು. ಆ ಸೋಮವಾರ ಹತ್ತೊಂಬತ್ತನೇ ತಾರೀಖು.

ಆ ತಾರೀಖಿನ ವಿಷಯ ಈ ಊರಿನಲ್ಲಿ ಯಾರಿಗೂ ಹೇಳಬೇಕಿಲ್ಲ. ಎಂಬತ್ತೈದರ ಭೂಕಂಪ ಆದದ್ದು ಅಂದೇ. ಒಬ್ದುಲಿಯಾಗೆ ಆಗ ಇಪ್ಪತ್ತನಾಲ್ಕು. ತಂಗಿ ಅಂಪಾರೊ ಜೊತೆ ಒಂದೇ ಕೋಣೆಯಲ್ಲಿದ್ದಳು. ಬೆಳಗ್ಗೆ ಹಾಲು ತರಲೆಂದು ಹೊರಗೆ ಕಾಲಿಟ್ಟಿದ್ದಳಷ್ಟೇ, ನೆಲ ಅಲುಗಿತು, ಚೌಕಟ್ಟು ವಾಲಿತು, ಬಾಗಿಲು ಕಚ್ಚಿಕೊಂಡಿತು. ಈಚೆಯಿಂದ ಇವಳು ಎಳೆದಳು, ಆಚೆಯಿಂದ ಅಂಪಾರೊ ಗುದ್ದಿದಳು. ಆಮೇಲೆ ಗುದ್ದುವುದು ನಿಂತಿತು. ಅಂದಿನಿಂದ ಒಬ್ದುಲಿಯಾ ಎಚ್ಚರಿಕೆಯ ಸೈರನ್ ಕೇಳಿದರೆ ಮೊದಲು ಮಾಡುವುದು ಒಂದೇ, ಬಾಗಿಲು ತೆರೆಯುವುದು. ನೆಲ ಅಲುಗುವ ಮೊದಲೇ ತೆರೆದುಬಿಟ್ಟರೆ ಬಾಗಿಲು ಕಚ್ಚಿಕೊಳ್ಳಲಾರದು. ಮೆಟ್ಟಿಲು ಕುಸಿದರೆ ತಾರಸಿಯೇ ಗತಿ, ಹಾಗಾಗಿ ಮೇಲಿನ ಬಾಗಿಲು ಮೊದಲು. ಸಿಂಹ ಬಂದ ಮೇಲೂ ಅವಳು ಇದನ್ನು ಬಿಟ್ಟಿರಲಿಲ್ಲ. ಸಿಂಹ ಪಂಜರದಲ್ಲಿರುತ್ತಿತ್ತಲ್ಲ. ಮೊಮ್ಮಗಳಿಗೂ ಕಲಿಸಿದ್ದಳು. ಉಳಿದ ದಿನ ಆ ಚಿಲಕ ಮುಟ್ಟಿದರೆ ಕೈ ಮುರಿಯುತ್ತೇನೆ, ಸೈರನ್ ಆದರೆ ಮಾತ್ರ "ಮೊದ್ಲು ಮೇಲಿಂದು, ಆಮೇಲೆ ಕೆಳಗಿಂದು." ಸಿತ್ಲಾಲಿ ಅದನ್ನು ಪ್ರಾರ್ಥನೆಯ ಹಾಗೆ ಬಾಯಿಪಾಠ ಮಾಡಿಕೊಂಡಿದ್ದಳು.

ಸೋಮವಾರ ಸಿತ್ಲಾಲಿಗೆ ಜ್ವರ, ಶಾಲೆಗೆ ಹೋಗಲಿಲ್ಲ. ಮರಿಕ್ರೂಸ್ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗಿದ್ದಳು. ಎವರಿಸ್ತೊ ಬೆಳಗಿನ ಕಾಫಿಯ ಹೊತ್ತಿಗೆ ಮೇಲಿನಿಂದ ಇಳಿದು ಬಂದ. ಕಣ್ಣು ಕೆಂಪಾಗಿತ್ತು.

"ಅಮ್ಮ, ಅವಳನ್ನ ಪಂಜರದಿಂದ ಹೊರಗೆ ಬಿಟ್ಟಿದೀನಿ. ಮೂರು ದಿನ ಇದ್ದು ಹೋಗೋಳು, ಪಾಪ, ಕಾಲಾಡ್ಲಿ. ಚಿಲಕ ಹಾಕಿದೀನಿ."

ಒಬ್ದುಲಿಯಾ ಕ್ಯಾಲೆಂಡರಿನ ಕಡೆ ಬೆರಳು ತೋರಿಸಿದಳು. "ಎವರಿಸ್ತೊ, ಇವತ್ತು ತಾರೀಖು ಎಷ್ಟು?"

"ವರ್ಷಾ ವರ್ಷದ ಹಾಗೆ ಭೂಕಂಪದ ಅಣಕು ಅಭ್ಯಾಸ ಇರ್ತದೆ ಅಷ್ಟೇ. ಅದಕ್ಕೇನೀಗ? ನೀನು ಆ ಬಾಗಿಲು ಮುಟ್ಬೇಡ, ಆಯ್ತಾ? ಅವಳು ನನ್ನ ಕೈಲಿ ಬಾಟ್ಲಿ ಹಾಲು ಕುಡಿದೋಳು. ಯಾಕಿಷ್ಟು ಹೆದರ್ತೀಯೋ ನನಗೆ ಗೊತ್ತಾಗಲ್ಲ."

"ನಿನಗೆ ಹೆದರಿಕೆ ಇಲ್ವಲ್ಲ, ಅದಕ್ಕೇ ಹೆದರ್ತೀನಿ," ಅಂದಳು ಅವಳು.

ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ, ಮೊದಲೇ ಹೇಳಿದ್ದ ಹೊತ್ತಿಗೆ ಸರಿಯಾಗಿ, ಮೂಲೆಯ ಕಂಬದ ಧ್ವನಿವರ್ಧಕ ಊಳಿಟ್ಟಿತು. ಅಭ್ಯಾಸವೆಂದು ಗೊತ್ತಿದ್ದರೂ ಒಬ್ದುಲಿಯಾ ಕೈಲಿದ್ದ ಕೆಲಸ ಬಿಟ್ಟೆದ್ದಳು. ಮಗುವಿನ ಕೈ ಹಿಡಿದು ಮೆಟ್ಟಿಲಿಗೆ ಬಂದಳು. ಕೈ ತಾನಾಗಿ ಮೇಲಿನ ಚಿಲಕದ ಕಡೆ ಎದ್ದಿತು. ಎದ್ದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಕೆಳಗಿಳಿಸಿ, ಮಗುವನ್ನು ಬೀದಿಗೆ ಕರೆತಂದಳು. ಬೀದಿಯಲ್ಲಿ ಹಸಿರು ಅಂಗಿ ತೊಟ್ಟ ನೆರೆಮನೆಯ ದೋನ್ ನಿಕಾನೋರ್ ಕೈಗಡಿಯಾರ ನೋಡುತ್ತಾ ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸುತ್ತಿದ್ದ.

"ಏನು ದೋನ್ಯಾ ಒಬ್ದುಲಿಯಾ, ನಿಮ್ಮ ಮೇಲಿನ ಬಾಡಿಗೆದಾರಳು ಇಳಿದು ಬರಲಿಲ್ವಾ?" ಎಂದು ನಗಿಸಿದ. ಜನ ನಕ್ಕರು. ಒಬ್ದುಲಿಯಾಗೆ ನಗು ಬರಲಿಲ್ಲ.

ವಾಪಸು ಹತ್ತುವಾಗ ಸಿತ್ಲಾಲಿ ಕೇಳಿದಳು. "ಅಜ್ಜಿ, ನೀನು ಮೇಲಿನ ಬಾಗಿಲು ತೆಗೀಲೇ ಇಲ್ಲ."

ಸಿಂಹ ಹೊರಗಿದೆ ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಜ್ವರದ ಮಗು, ಹೆದರಿ ಕನವರಿಸೀತು ಎಂದು ಅಜ್ಜಿ ಮಾತು ತೇಲಿಸಿದಳು. "ಸುಳ್ಳು ಭೂಕಂಪಕ್ಕೆ ಯಾಕೆ ಕಂದ?"

"ನಿಜವಾದ್ದಕ್ಕೆ ತೆಗೀಬೇಕಾ?"

"ಹ್ಞೂಂ, ನಿಜವಾದ್ದಕ್ಕೆ ತೆಗೀಬೇಕು," ಎಂದು ಹಣೆ ಮುಟ್ಟಿ ನೋಡಿ, ಮಲಗಿಸಿ, ಸಾರು ಬಿಸಿಮಾಡಲು ಕೆಳಗೆ ಹೋದಳು. ಒಳ್ಳೆಯ ಮನಸ್ಸಿನಿಂದ ಆಡಿದ ಮಾತು. ಜಗತ್ತಿನ ಅರ್ಧ ಅನಾಹುತಕ್ಕೆ ಇಂಥ ಒಳ್ಳೆಯ ಮನಸ್ಸೇ ಕಾರಣ.

ಎವರಿಸ್ತೊ ಅಂಗಿ ಬದಲಿಸಿ ಮೇಲೆ ಹೋಗಿಬಂದ. ಸೈರನ್ನಿಗೆ ಬೆದರಿ ದುಕೇಸಾ ಟ್ಯಾಂಕಿನ ಹಿಂದೆ ಸೇರಿಕೊಂಡಿದ್ದಾಳೆ, ಕರೆದರೂ ಪಂಜರಕ್ಕೆ ಬರುತ್ತಿಲ್ಲ, ಸಂಜೆಯವರೆಗೆ ಹಾಗೇ ಇರಲಿ ಎಂದ. ಮತ್ತೆ ಏಪ್ರನ್ ಕಟ್ಟಿಕೊಂಡು ಅಂಗಡಿಗೆ ಇಳಿದ.

ಒಂದು ಗಂಟೆ ದಾಟಿ ಐದು ನಿಮಿಷವಾಗಿರಬಹುದು. ಸಾರು ಕುದಿಯುತ್ತಿತ್ತು. ಕಂಬ ಮತ್ತೆ ಊಳಿಟ್ಟಿತು.

ಯಾರೋ ಯಂತ್ರ ನಿಲ್ಲಿಸುವುದನ್ನು ಮರೆತಿರಬೇಕು ಎಂದು ಒಬ್ದುಲಿಯಾ ಅಂದುಕೊಂಡಳು. ಹಾಗೆ ಅಂದುಕೊಳ್ಳುತ್ತಿರುವಾಗಲೇ ದೀಪ ತೂಗಿತು. ಪಾತ್ರೆಯ ಸಾರು ಒಂದು ಬದಿಗೆ ವಾಲಿ ಒಲೆಯ ಮೇಲೆ ಚೆಲ್ಲಿತು. ನಿಜವಾದದ್ದು. ಅದೇ ತಾರೀಖು, ಮತ್ತೊಮ್ಮೆ. "ಸಿತ್ಲಾಲಿ!" ಎಂದು ಕೂಗಿಕೊಂಡೇ ಮೆಟ್ಟಿಲು ಹತ್ತಿದಳು. ಗೋಡೆ ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು. ಕಾಲಿಟ್ಟ ಕಡೆ ಮೆಟ್ಟಿಲು ಇರುತ್ತಿರಲಿಲ್ಲ.

ಮಗುವಿನ ಕೋಣೆ ಖಾಲಿಯಿತ್ತು. ತಲೆ ಎತ್ತಿ ನೋಡಿದಳು. ಹತ್ತು ಮೆಟ್ಟಿಲ ಮೇಲೆ, ಬರಿಗಾಲಲ್ಲಿ, ರಾತ್ರಿಯ ಅಂಗಿಯಲ್ಲಿ, ತುದಿಗಾಲ ಮೇಲೆ ನಿಂತು ಸಿತ್ಲಾಲಿ ಎರಡೂ ಕೈಯಿಂದ ಕಬ್ಬಿಣದ ಚಿಲಕ ಎಳೆಯುತ್ತಿದ್ದಳು.

"ಬೇಡ! ಮುಟ್ಬೇಡ!"

ಸೈರನ್ನಿನಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ. ಚಿಲಕ ಸರಿಯಿತು. ಮಗು ತಿರುಗಿ ಅಜ್ಜಿಯನ್ನು ನೋಡಿತು. ಜ್ವರದ ಮುಖದಲ್ಲಿ ಪಾಠ ಒಪ್ಪಿಸಿದ ಹೆಮ್ಮೆಯಿತ್ತು. "ಮೇಲಿಂದು ತೆಗ್ದೆ ಅಜ್ಜಿ!"

ಮನೆ ಇನ್ನೊಮ್ಮೆ ವಾಲಿತು. ಬಾಗಿಲು ತಾನೇ ಹೊರಕ್ಕೆ ತೆರೆದುಕೊಂಡಿತು. ಬಿಸಿಲು, ಟ್ಯಾಂಕಿನಿಂದ ಧುಮ್ಮಿಕ್ಕುತ್ತಿದ್ದ ನೀರು, ಆ ನೀರಿನಾಚೆ ನೆಲಕ್ಕಂಟಿ ಕೂತಿದ್ದ ಹಳದಿ ಮೈ. ಅದರ ಕಿವಿ ತಲೆಗೆ ಅಂಟಿಕೊಂಡಿದ್ದವು. ಗರ್ಜಿಸಲಿಲ್ಲ. ಗರ್ಜಿಸಿದ್ದರೆ ಒಬ್ದುಲಿಯಾಗೆ ಅಷ್ಟು ಭಯವಾಗುತ್ತಿರಲಿಲ್ಲ. ಅಲುಗುವ ನೆಲ, ಸುರಿಯುವ ನೀರು, ಊಳಿಡುವ ಕಂಬದ ನಡುವೆ ಅದಕ್ಕೆ ಅಡಗಲು ಒಂದೇ ಒಂದು ಕತ್ತಲ ಜಾಗ ಕಂಡಿತು. ಅದು ಈ ಮೆಟ್ಟಿಲು.

ಮೊಮ್ಮಗಳ ಅಂಗಿ ಹಿಡಿದು ಎಳೆದದ್ದು, ಇಬ್ಬರೂ ಉರುಳಿದ್ದು, ಕೋಣೆಯೊಳಗೆ ಬಿದ್ದದ್ದು ಯಾವುದೂ ಅವಳಿಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಬಾಗಿಲು. ಅರವತ್ತೊಂದು ವರ್ಷದ ಆ ಹೆಂಗಸು, ನೆಲ ಅಲುಗುತ್ತಿರುವಾಗ, ಜೀವಮಾನದಲ್ಲಿ ಮೊದಲ ಸಲ ಒಂದು ಬಾಗಿಲನ್ನು ಮುಚ್ಚಿದಳು. ಚಿಲಕ ಹಾಕಿದಳು. ಬೆನ್ನು ಕೊಟ್ಟು ಕೂತಳು. ಪ್ಲೈವುಡ್ಡಿನ ಬಾಗಿಲು, ಬೆರಳಿನಷ್ಟು ದಪ್ಪ. ಕಿಟಕಿಗೆ ಕಳ್ಳರು ಬಾರದಿರಲೆಂದು ಹಾಕಿಸಿದ ಕಬ್ಬಿಣದ ಸರಳು. ಎಲ್ಲಿಗೂ ದಾರಿಯಿಲ್ಲ.

ಅಲುಗುವುದು ನಿಧಾನವಾಗಿ ನಿಂತಿತು. ಸೈರನ್ ನಿಂತಿತು. ಆಗ ಬಾಗಿಲಿನಾಚೆ ಉಸಿರಾಟ ಕೇಳಿಸಿತು. ಬಾಗಿಲಿನ ಕೆಳಸಂದಿಯಿಂದ ಬಿಸಿಗಾಳಿ ಅವಳ ಸೊಂಟಕ್ಕೆ ತಾಕಿತು. ಬೆವರು ಬೆನ್ನಿಂದ ಇಳಿಯುತ್ತಿತ್ತು. ಸಿತ್ಲಾಲಿಯ ಬಾಯಿಗೆ ಕೈ ಅಡ್ಡ ಹಿಡಿದಳು. ಮಗು ಆ ಕೈಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿತ್ತು. ನೋವು ಗೊತ್ತಾಗಲಿಲ್ಲ.

"ಅಮ್ಮಾ! ಸಿತ್ಲಾಲಿ!"

ಎವರಿಸ್ತೊ. ಬೀದಿಯಲ್ಲಿ ಹುಡುಕಿ, ಕಾಣದೆ, ಮೆಟ್ಟಿಲು ಹತ್ತಿ ಬರುತ್ತಿದ್ದ.

"ಬರಬೇಡ್ವೋ! ಮೇಲಿನ ಬಾಗಿಲು ತೆಗೆದೈತೆ! ಅವಳು ಇಲ್ಲೇ ಐದಾಳೆ, ಮೆಟ್ಲ ಮೇಲೆ!"

ಹೆಜ್ಜೆ ನಿಂತಿತು. ಆಮೇಲೆ ಅವನ ದನಿ, ಮೆಲ್ಲಗೆ, ಸಕ್ಕರೆಯಂತೆ. "ದುಕೇಸಾ. ನನ್ನಮ್ಮ. ನನ್ನ ರಾಣಿ. ಹೆದರಿದ್ಯಾ? ನಾನು ಕಣೇ. ಬಾ, ಮೇಲೆ ಹೋಗಣ."

ಬಾಗಿಲ ಬುಡದ ಉಸಿರು ದೂರ ಸರಿಯಿತು. ಉಗುರು ಸಿಮೆಂಟಿನ ಮೇಲೆ ಒಂದು, ಎರಡು, ಮೂರು ಸಲ ತಾಗಿತು. ಒಬ್ದುಲಿಯಾ ಬಾಗಿಲ ಸಂದಿಗೆ ಕಣ್ಣಿಟ್ಟಳು. ಅವಳಿಗೆ ಕಂಡದ್ದು ಮಗನ ಮುಖವಲ್ಲ, ಎದೆ. ಎದೆಯ ಮೇಲೆ ಏಪ್ರನ್, ಏಪ್ರನ್ನಿನ ತುಂಬ ಬೆಳಗಿನಿಂದ ಕತ್ತರಿಸಿದ ಕೋಳಿಗಳ ರಕ್ತ. ಓಡಿ ಬಂದವನಿಗೆ ಬಿಚ್ಚಲು ಪುರುಸೊತ್ತೆಲ್ಲಿ?

ಅವನಿಗೂ ಆಗಲೇ ಹೊಳೆದಿರಬೇಕು. ಕೈ ತನ್ನ ಎದೆಯ ಕಡೆ ಹೋಗಿ ಅರ್ಧದಲ್ಲೇ ನಿಂತಿತು. ಮತ್ತೆ ಮಾತಾಡಿದಾಗ ಅದು ಅವಳು ನಾಲ್ಕು ವರ್ಷ ಕೇಳಿದ ದನಿಯಾಗಿರಲಿಲ್ಲ. ತೊದಲುವ ಮಗುವಿನ ದನಿಯಾಗಿತ್ತು.

"ಅಮ್ಮ. ಬಾಗಿಲು ತೆಗೀಬೇಡ. ನಾನು ಏನೇ ಹೇಳಿದ್ರೂ ತೆಗೀಬೇಡ. ಕೇಳಿಸ್ತಾ?"

"ಕೇಳಿಸ್ತಪ್ಪ," ಅಂದಳು.

ಆಮೇಲೆ ಆದದ್ದು ಬಹಳ ಹೊತ್ತಿನದಲ್ಲ. ಏನೋ ಭಾರವಾದದ್ದು ಗೋಡೆಗೆ ಅಪ್ಪಳಿಸಿತು. ಕೆಮ್ಮಿನಂಥ ಒಂದು ಶಬ್ದ, ಅದು ಸಿಂಹದ್ದು. ನಂತರ ಎವರಿಸ್ತೊನ ಕೂಗು.

"ಅಮ್ಮಾ! ತೆಗಿ! ಬಾಗಿಲು ತೆಗಿಯಮ್ಮಾ!"

ಸಿತ್ಲಾಲಿ ಚಿಲಕಕ್ಕೆ ಹಾರಿದಳು. ಒಬ್ದುಲಿಯಾ ಅವಳನ್ನು ಅವಚಿ ನೆಲಕ್ಕೆ ಒತ್ತಿ ಹಿಡಿದಳು. ಮಗು ಅವಳ ಮುಖ ಪರಚಿತು, ಕೂದಲು ಕಿತ್ತಿತು. "ಅಪ್ಪ ಕರೀತಿದಾನೆ! ಬಿಡು! ಅಪ್ಪ ಕರೀತಿದಾನೆ!"

"ತೆಗಿಯಮ್ಮಾ!"

ಹೆತ್ತ ಹೊಟ್ಟೆ ಅದು. ಅವಳ ಒಂದೊಂದು ಎಲುಬೂ ಎದ್ದು ಆ ಬಾಗಿಲ ಕಡೆ ಓಡಿತು. ಅವಳು ಓಡಲಿಲ್ಲ. ತೆರೆದರೆ ಮಗನಿಗೆ ಒಂದು ಬಾಗಿಲು ಸಿಗುತ್ತಿತ್ತು, ಸಿಂಹಕ್ಕೂ ಅದೇ ಬಾಗಿಲು ಸಿಗುತ್ತಿತ್ತು. ತೋಳಿನಲ್ಲಿದ್ದ ಮಗುವಿನ ತೂಕ ಇಪ್ಪತ್ತೈದು ಕಿಲೋ ಇರಬಹುದು. ಮೂರನೇ ಸಲ ಅವನು ಕೂಗಿದಾಗ ಅವಳು ಮಗುವಿನ ಕಿವಿ ಮುಚ್ಚಿದಳು. ತನ್ನ ಕಿವಿ ಮುಚ್ಚಿಕೊಳ್ಳಲು ಕೈ ಉಳಿದಿರಲಿಲ್ಲ.

ದೋನ್ ನಿಕಾನೋರ್ ಮತ್ತು ಇನ್ನಿಬ್ಬರು ಕೆಳಗಿನಿಂದ ಅಂಗಡಿಯ ಕಬ್ಬಿಣದ ತಟ್ಟೆಗಳನ್ನು ಬಡಿದು ಬೊಬ್ಬೆ ಹೊಡೆದರು. ಸಿಂಹ ಎವರಿಸ್ತೊನನ್ನು ಬಿಟ್ಟು ಬಂದ ದಾರಿಯಲ್ಲೇ ಮೇಲೆ ಹೋಯಿತು. ಅಗ್ನಿಶಾಮಕದವರು ಬಂದು ನೋಡಿದಾಗ ತನ್ನ ಪಂಜರದ ಮೂಲೆಯಲ್ಲಿ ಮುದುಡಿಕೊಂಡು ನಡುಗುತ್ತಿತ್ತು. ಹೋಗಲು ಅದಕ್ಕಾದರೂ ಬೇರೆ ಮನೆ ಎಲ್ಲಿತ್ತು? ಇಲಾಖೆಯವರು ಮದ್ದಿನ ಸೂಜಿ ಹೊಡೆದು ಅಂದೇ ಸಂಜೆ ಸಾಗಿಸಿದರು. ವಾರಗಟ್ಟಲೆ ಬಾರದಿದ್ದ ಲಾರಿ ಒಂದೇ ಮಧ್ಯಾಹ್ನದಲ್ಲಿ ಬಂದುಬಿಟ್ಟಿತ್ತು.

ಎವರಿಸ್ತೊ ಬದುಕಿದ. ಎಡಗೈಯನ್ನು ಮೊಣಕೈವರೆಗೆ ತೆಗೆದರು. ಎಂಟನೇ ದಿನ ಒಬ್ದುಲಿಯಾ ಮೊಮ್ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದಳು. ಸಿತ್ಲಾಲಿ ಆ ಎಂಟು ದಿನದಲ್ಲಿ ಯಾರ ಜೊತೆಗೂ ಮಾತಾಡಿರಲಿಲ್ಲ. ಮಂಚದ ಕಾಲ ಬಳಿ ನಿಂತು ತನ್ನ ಚಪ್ಪಲಿ ನೋಡುತ್ತಿದ್ದಳು.

"ಇಲಾಖೆಯೋರು ಬಂದಿದ್ರು," ಅಂದ ಎವರಿಸ್ತೊ. "ಮುದ್ರೆ ಕಿತ್ತಿದ್ದಕ್ಕೆ ಕೇಸಂತೆ. ಆಗ್ಲಿ." ಪಟ್ಟಿ ಸುತ್ತಿದ ಮೊಂಡುಗೈಯನ್ನು ನೋಡಿಕೊಂಡ. "ಆ ಬಾಗಿಲು ಯಾರಮ್ಮ ತೆಗೆದಿದ್ದು?"

ಸಿತ್ಲಾಲಿಯ ಭುಜ ಬಿಗಿಯಿತು. ಒಬ್ದುಲಿಯಾಗೆ ಮೊಮ್ಮಗಳ ಕಡೆ ನೋಡದೆಯೂ ಅದು ಗೊತ್ತಾಯಿತು.

"ನಾನೇ. ಸೈರನ್ ಆಯ್ತಲ್ಲ, ಕೈ ತಾನಾಗೇ ಹೋಯ್ತು."

"ಬೆಳಗ್ಗೆ ಅಷ್ಟು ಹೇಳಿದ್ನಲ್ಲಮ್ಮ ನಾನು! ಮುಟ್ಬೇಡ ಅಂತ ಹೇಳಿರ್ಲಿಲ್ವಾ?" ಅವನ ದನಿ ಒಡೆಯಿತು. "ನಿನ್ನ ಆ ಹಾಳು ಅಭ್ಯಾಸದಿಂದ ನನ್ನ ಕೈ ಹೋಯ್ತು."

"ಹೌದಪ್ಪ."

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ನರ್ಸ್ ಬಂದು ನೀರಿನ ಬಾಟಲಿ ಬದಲಿಸಿ ಹೋದಳು. ಅವಳು ಹೋದ ಮೇಲೆ ಎವರಿಸ್ತೊ ಗೋಡೆಯನ್ನೇ ನೋಡುತ್ತಾ ಕೇಳಿದ.

"ಬಾಗಿಲು ತೆಗೀಬೇಡ ಅಂತ ಹೇಳ್ದೆ ಅಲ್ವಾ ನಾನು?"

"ಹೇಳ್ದೆ."

"ಅದಾದ್ಮೇಲೆ... ಮತ್ತೇನಾದ್ರೂ ಹೇಳಿದ್ನಾ?"

"ಇಲ್ಲಪ್ಪ. ಮತ್ತೇನೂ ಹೇಳ್ಲಿಲ್ಲ."

ಅವನ ಬೆನ್ನು ಅಲುಗತೊಡಗಿತು. ಸಿತ್ಲಾಲಿ ತಲೆ ಎತ್ತಿ ಅಜ್ಜಿಯ ಮುಖ ನೋಡಿದಳು, ಕೆನ್ನೆಯ ಮೇಲೆ ತಾನು ಪರಚಿದ ಗೀರುಗಳನ್ನು ನೋಡಿದಳು. ಆಮೇಲೆ ಎಂಟು ದಿನದಲ್ಲಿ ಮೊದಲ ಸಲ ಬಾಯಿ ತೆರೆದಳು.

"ಹೌದು ಅಪ್ಪ," ಅಂದಳು. "ಏನೂ ಹೇಳ್ಲಿಲ್ಲ ನೀನು."